ಚಪ್ಪಲಿಯ ಬೆಂಡು, ಪೇಟೆಯ ಕೊಕ್ಕೆ

ಕೇಳುಗರಿಗೆ ನಮಸ್ಕಾರ.

ಕಳೆದ ತಿಂಗಳು ಪಕ್ಕದ ಮನೆಯ ಹುಡುಗ ಪೇಟೆಯಿಂದ ಗಾಳದ ಸೆಟ್ಟು ತಂದು ತೋರಿಸಿದ. ಮಡಚುವ ಕೋಲು, ಹಿಡಿ ತಿರುಗಿಸುವ ರೀಲು, ಬಣ್ಣದ ಬೆಂಡು. ಎರಡು ಸಾವಿರ ಆಯಿತಂತೆ. ಇದುವರೆಗೆ ಸಿಕ್ಕಿದ್ದು ಬೆರಳುದ್ದದ ನಾಲ್ಕು ಮೀನು. ಒಂದೊಂದಕ್ಕೆ ಐನೂರು ರೂಪಾಯಿ! ಹೊಳೆಗೆ ಸುರಿದರೂ ಅಳೆದು ಸುರಿ ಎನ್ನುತ್ತಾರಲ್ಲ, ಆ ಮಾತು ನೆನಪಾಯಿತು.

ಗಾಳದ ಬಹುಪಾಲು ಸಾಮಾನನ್ನು ಮನೆಯಲ್ಲೇ ಮಾಡಿಕೊಳ್ಳಬಹುದು. ಕೋಲಿಗೆ ಹಿತ್ತಲಿನ ಬಿದಿರು ಸಾಕು. ಎಳೆಯದು ಬೇಡ, ಒಣಗಿದಾಗ ಸುರುಟಿಕೊಳ್ಳುತ್ತದೆ. ಹೆಬ್ಬೆರಳು ದಪ್ಪದ ಬಲಿತ ಗಳವನ್ನು ಕಡಿದು ನೆರಳಿನಲ್ಲಿ ಒಣಗಿಸಬೇಕು. ಡೊಂಕಿದ್ದರೆ ಕೆಂಡದ ಮೇಲೆ ಬಿಸಿ ಮಾಡಿ, ಮೊಣಕಾಲಿಗೆ ಒತ್ತಿ ಹಿಡಿದರೆ ನೆಟ್ಟಗಾಗುತ್ತದೆ. ನಮ್ಮಜ್ಜ ಒಲೆಯ ಮೇಲಿನ ಅಟ್ಟದಲ್ಲಿ ಇಡುತ್ತಿದ್ದರು. ಹೊಗೆ ಹಿಡಿದ ಬಿದಿರಿಗೆ ಹುಳ ಹತ್ತುವುದು ಕಡಿಮೆ.

ಬೆಂಡಿನ ವಿಷಯದಲ್ಲಿ ನನಗೆ ಸ್ವಲ್ಪ ಹೆಮ್ಮೆ. ಸವೆದ ಹವಾಯಿ ಚಪ್ಪಲಿಯಿಂದ ಕಿರುಬೆರಳಿನಷ್ಟು ತುಂಡು ಕತ್ತರಿಸಿ, ಕಾಯಿಸಿದ ದಬ್ಬಣದಿಂದ ನಡುವೆ ತೂತು ಮಾಡಿ, ದಾರ ಪೋಣಿಸಿ, ಪೊರಕೆ ಕಡ್ಡಿಯ ಚೂರು ತುರುಕಿದರೆ ಮುಗಿಯಿತು. ಕಡ್ಡಿ ಸಡಿಲಿಸಿ ಬೆಂಡನ್ನು ಮೇಲೆ ಕೆಳಗೆ ಸರಿಸಬಹುದು. ಆದರೆ ಹೊಳೆಗೆ ಹೋಗುವ ಮೊದಲು ಬಕೆಟ್ಟಿನ ನೀರಿನಲ್ಲಿ ಒಮ್ಮೆ ನೋಡಿ. ಬೆಂಡು ಮಲಗಿ ತೇಲಿದರೆ ಭಾರ ಸಾಲದು, ಮುಳುಗಿದರೆ ಹೆಚ್ಚಾಯಿತು. ತುದಿ ಮಾತ್ರ ಕಾಣುವಂತೆ ನೆಟ್ಟಗೆ ನಿಂತರೆ, ಸಣ್ಣ ಮೀನು ಮೂತಿ ತಾಗಿಸಿದರೂ ಗೊತ್ತಾಗುತ್ತದೆ.

ಭಾರಕ್ಕೆ ಸೈಕಲ್ಲಿನ ಹಳೆಯ ನಟ್ಟು ಕಟ್ಟಿ. ಸೀಸ ಕರಗಿಸಿ ಗುಂಡು ಮಾಡಿಕೊಳ್ಳುವವರಿದ್ದಾರೆ. ಅಡುಗೆಯ ಪಾತ್ರೆಯಲ್ಲಂತೂ ಆ ಕೆಲಸ ಬೇಡ, ಹಲ್ಲಿನಲ್ಲಿ ಕಚ್ಚಿ ಬಿಗಿಯುವುದೂ ಬೇಡ. ಸೀಸ ವಿಷ. ಇಂಗ್ಲೆಂಡಿನಲ್ಲಿ ಗಾಳದ ಸೀಸದ ಗುಂಡು ನುಂಗಿ ಹಂಸಗಳು ಸಾಯತೊಡಗಿದಾಗ, 1987ರಲ್ಲಿ ಅಂಥ ಸಣ್ಣ ಗುಂಡುಗಳ ಮಾರಾಟವನ್ನೇ ನಿಷೇಧಿಸಿದರು.

ಇನ್ನು ಕೊಕ್ಕೆ. ಹುಡುಗನಾಗಿದ್ದಾಗ ಅದನ್ನೂ ನಾನೇ ಮಾಡಿದೆ. ಹೊಲಿಗೆಯ ಸೂಜಿಯನ್ನು ಕೆಂಪಗೆ ಕಾಯಿಸಿ, ಬಗ್ಗಿಸಿ, ಮತ್ತೆ ಕಾಯಿಸಿ ನೀರಿಗೆ ಅದ್ದಿದೆ. ನೋಡಲು ಚೆನ್ನಾಗಿತ್ತು. ಕೆರೆಯ ಕೋಡಿಯ ಹತ್ತಿರ ಮೊಳದುದ್ದದ ಕೊರವ ಮೀನು ಕಚ್ಚಿತು, ಎಳೆದೆ, ಸೂಜಿ ಗಾಜಿನಂತೆ ಮುರಿಯಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಕಾದ ಉಕ್ಕನ್ನು ನೀರಿಗೆ ಅದ್ದಿದರೆ ಗಡುಸಾಗುತ್ತದೆ, ಜೊತೆಗೆ ಪೆಡಸೂ ಆಗುತ್ತದೆ. ಆಮೇಲೆ ಮತ್ತೆ ಹದವಾಗಿ ಕಾಯಿಸಿ ಪೆಡಸುತನ ಇಳಿಸಬೇಕು ಎಂಬುದು ಆಗ ತಿಳಿದಿರಲಿಲ್ಲ. ತಿಳಿದ ಮೇಲೂ ನಾನು ಕೊಕ್ಕೆ ಮಾಡುವ ಗೋಜಿಗೆ ಹೋಗಿಲ್ಲ. ಕೊಕ್ಕೆ ಮತ್ತು ನೈಲಾನ್ ದಾರ, ಇವೆರಡನ್ನು ಅಂಗಡಿಯಲ್ಲೇ ಕೊಳ್ಳಿ. ಉಳಿತಾಯ ಮಾಡುವ ಜಾಗ ಇದಲ್ಲ. ಕೊಕ್ಕೆಗೆ ದಾರ ಕಟ್ಟುವಾಗ ಐದಾರು ಸುತ್ತು ಸುತ್ತಿ, ಗಂಟು ಬಿಗಿಯುವ ಮೊದಲು ಎಂಜಲು ಹಚ್ಚಿ. ಒಣ ನೈಲಾನ್ ಉಜ್ಜಿ ಬಿಸಿಯಾದರೆ ಅಲ್ಲಿಯೇ ತುಂಡಾಗುತ್ತದೆ.

ರೀಲಿನ ಬದಲು ನೀರಿನ ಖಾಲಿ ಬಾಟಲಿಗೆ ದಾರ ಸುತ್ತಿಕೊಳ್ಳಬಹುದು. ಕಡಿದುಹೋದ ದಾರದ ತುಂಡನ್ನೂ ಅದಕ್ಕೇ ಸುತ್ತಿ ಮನೆಗೆ ತನ್ನಿ. ದಂಡೆಯಲ್ಲಿ ಬಿಟ್ಟರೆ ನೀರುಕಾಗೆಯ ಕಾಲಿಗೆ ತೊಡರುತ್ತದೆ.

ಮೀನಿಗೆ ಆಸೆ ತೋರಿಸುವ ಎರೆಯ ಮಾತು ಮಾತ್ರ ಉಳಿಯಿತು. ಕಾವೇರಿಯಲ್ಲಿ ದುಬಾರಿ ಕೋಲು ಹಿಡಿದು ಮಹಸೀರ್ ಮೀನಿಗೆ ಕಾಯುತ್ತಿದ್ದ ವಿದೇಶಿಯರೂ ಕೊಕ್ಕೆಗೆ ಸಿಕ್ಕಿಸುತ್ತಿದ್ದದ್ದು ನಮ್ಮ ರಾಗಿ ಹಿಟ್ಟಿನ ಉಂಡೆಯನ್ನೇ. ಮುದ್ದೆಗಿಂತ ಗಟ್ಟಿಯಾಗಿ ಬೇಯಿಸಿ, ಎರಡು ಎಳೆ ಹತ್ತಿ ಸೇರಿಸಿ ನಾದಿ. ಹತ್ತಿ ಇಲ್ಲದಿದ್ದರೆ ಉಂಡೆ ನೀರಿನಲ್ಲಿ ಕರಗಿ, ನೀವು ಬರಿಯ ಕೊಕ್ಕೆ ಇಳಿಬಿಟ್ಟುಕೊಂಡು ಕೂತಿರುತ್ತೀರಿ. ನಾನೂ ಒಂದು ಇಡೀ ಮಧ್ಯಾಹ್ನ ಹಾಗೆ ಕೂತಿದ್ದೇನೆ.

ನಮಸ್ಕಾರ.