ಕೆನ್ನೆ ಆಪರೇಷನ್‌ಗೆ ಮುಂಚೆ ಡಾಕ್ಟರಿಗೆ ಈ ಹಳೇ ವಿಷಯ ಹೇಳಿ

(ನಿರೂಪಕಿ ಕ್ಯಾಮೆರಾ ಮುಂದೆ)

ನಮಸ್ಕಾರ. ನಮ್ಮ ಕೋಲಾರದ ಕಡೆ ಹೊಗೆಸೊಪ್ಪು, ಕಡ್ಡಿಪುಡಿ ದವಡೆಗೆ ಒತ್ತಿಟ್ಟುಕೊಂಡೇ ಹೊಲದ ಕೆಲಸ ಮಾಡೋ ಹೆಂಗಸರು ಎಷ್ಟೋ ಮಂದಿ. ಬಾಯಿ ಕ್ಯಾನ್ಸರ್ ಇವರನ್ನೂ ಬಿಡಲ್ಲ. ಗಡ್ಡೆ ತೆಗೆದ ಮೇಲೆ ಕೆನ್ನೆಯಲ್ಲಿ ತೂತು ಉಳಿದರೆ, ಮುಂಗೈ ಅಥವಾ ತೊಡೆಯ ಚರ್ಮವನ್ನು ರಕ್ತನಾಳದ ಸಮೇತ ತಂದು ಅಲ್ಲಿ ಕೂರಿಸಿ, ಆ ನಾಳವನ್ನು ಕುತ್ತಿಗೆಯ ನಾಳಕ್ಕೆ ಜೋಡಿಸ್ತಾರೆ. ಇದೇ ಫ್ರೀ ಫ್ಲಾಪ್.

(ತೆರೆಯಲ್ಲಿ: ಕೂಡಿಸಿದ ನಾಳದ ಚಿತ್ರ)

ಆ ನಾಳದ ಅಗಲ ಸುಮಾರು 1ರಿಂದ 3 ಮಿಲಿಮೀಟರ್. ಮೈಕ್ರೋಸ್ಕೋಪಿನಲ್ಲಿ ನೋಡ್ತಾ, ಕೂದಲಿಗಿಂತ ಸಣ್ಣ ದಾರದಲ್ಲಿ ಹೊಲೀಬೇಕು. ಅಲ್ಲಿ ರಕ್ತ ಹೆಪ್ಪುಗಟ್ಟಿದರೆ ಕೂರಿಸಿದ ತುಂಡು ಸಾಯುತ್ತೆ. ಹೆಚ್ಚಾಗಿ ಮೊದಲ 2-3 ದಿನದಲ್ಲೇ ಹೀಗಾಗೋದು. ಅದಕ್ಕೇ ಸಿಸ್ಟರ್ ಗಂಟೆಗೊಮ್ಮೆ ಎಬ್ಬಿಸಿ ನೋಡ್ತಾರೆ, ಬೇಜಾರು ಮಾಡ್ಕೋಬೇಡಿ. ತುಂಡು ಬಿಳಿಚಿ ತಣ್ಣಗಾದರೆ ರಕ್ತ ಒಳಗೆ ಬರ್ತಿಲ್ಲ. ನೀಲಿಗಟ್ಟಿ ಊದಿದರೆ ವಾಪಸ್ ಹೋಗ್ತಿಲ್ಲ. ತಡಮಾಡದೆ ಮತ್ತೆ ಥಿಯೇಟರಿಗೆ ಒಯ್ದು ಹೆಪ್ಪು ತೆಗೆದರೆ ಅನೇಕ ಸಲ ಉಳಿಯುತ್ತೆ.

ಆದರೆ ಕೆಲವರ ರಕ್ತವೇ ಬೇಗ ಹೆಪ್ಪುಗಟ್ಟೋ ಜಾತಿದು. ಹೆಪ್ಪುಗಟ್ಟೋದಕ್ಕೆ ಬ್ರೇಕ್ ಹಾಕೋ ಪ್ರೋಟೀನ್ ಸಿ, ಪ್ರೋಟೀನ್ ಎಸ್, ಆಂಟಿಥ್ರಾಂಬಿನ್ ಹುಟ್ಟಿನಿಂದಲೇ ಕಮ್ಮಿ ಇರಬಹುದು. ಆಂಟಿಫಾಸ್ಫೋಲಿಪಿಡ್ ಸಿಂಡ್ರೋಮ್, ಅಂದರೆ ದೇಹದ ರಕ್ಷಣಾ ವ್ಯವಸ್ಥೆಯೇ ತಪ್ಪಾಗಿ ರಕ್ತ ಹೆಪ್ಪುಗಟ್ಟಿಸೋ ಕಾಯಿಲೆ, ಆಮೇಲೆ ಬರೋದು. ಕ್ಯಾನ್ಸರ್ ಇದ್ದರಂತೂ ಈ ಅಪಾಯ ಇನ್ನೂ ಜಾಸ್ತಿ. ಇಂಥವರಿಗೆ ಹೆಪ್ಪು ತೆಗೆದರೂ ಮತ್ತೆ ಕಟ್ಟಬಹುದು.

"ರಕ್ತದ ಟೆಸ್ಟ್ ಎಲ್ಲಾ ನಾರ್ಮಲ್ ಬಂದಿದೆಯಲ್ಲ ಮೇಡಂ?"

ಬಂದಿರುತ್ತೆ. ಆಪರೇಷನ್‌ಗೆ ಮುಂಚೆ ಮಾಡೋ ಪಿಟಿ, ಎಪಿಟಿಟಿ ಟೆಸ್ಟು ಮುಖ್ಯವಾಗಿ ನೋಡೋದು ರಕ್ತ ಹೆಪ್ಪುಗಟ್ಟೋಕೆ ತಡವಾಗುತ್ತಾ ಅಂತ. ಅತಿ ಬೇಗ ಕಟ್ಟುತ್ತಾ ಅನ್ನೋದು ಅದರಲ್ಲಿ ಸಾಮಾನ್ಯವಾಗಿ ಗೊತ್ತಾಗಲ್ಲ. ಅದರ ಸುಳಿವು ಇರೋದು ನಿಮ್ಮ ಮನೆಯಲ್ಲಿ. ಚಿಕ್ಕ ವಯಸ್ಸಲ್ಲೇ ಯಾರಿಗಾದ್ರೂ ಕಾಲಲ್ಲಿ ರಕ್ತ ಕಟ್ಟಿ ಊದಿತ್ತಾ? ಲಕ್ವ ಹೊಡೆದಿತ್ತಾ? ಆಪರೇಷನ್ ಆಗಬೇಕಿರೋ ಅಮ್ಮನಿಗೆ ಪದೇ ಪದೇ ಗರ್ಭ ಹೋಗಿತ್ತಾ?

ಈ ಕೊನೇದನ್ನು ಬಾಯಿ ಡಾಕ್ಟರ ಹತ್ತಿರ ಯಾರೂ ಹೇಳಲ್ಲ. ಕೆನ್ನೆಗೂ ಅದಕ್ಕೂ ಏನು ಸಂಬಂಧ ಅನ್ಸುತ್ತೆ, ಮಗ ಅಳಿಯ ಎದುರಿಗಿದ್ದರೆ ನಾಚಿಕೆ ಬೇರೆ. ಆದರೆ ಪದೇ ಪದೇ ಗರ್ಭ ಹೋಗೋದೂ ರಕ್ತ ಬೇಗ ಹೆಪ್ಪುಗಟ್ಟೋದರ ಗುರುತಾಗಿರಬಹುದು. ದಯವಿಟ್ಟು ಗಂಡಸರು ಐದು ನಿಮಿಷ ಹೊರಗೆ ನಿಲ್ಲಿ, ಅವರೊಬ್ಬರೇ ಮಾತಾಡಲಿ. ರಕ್ತ ತೆಳು ಮಾಡೋ ಮಾತ್ರೆ ತಗೊಳ್ತಿದ್ದರೆ ಚೀಟಿ ಸಮೇತ ತೋರಿಸಿ, ನೀವಾಗೇ ನಿಲ್ಲಿಸಬೇಡಿ.

ಮೊದಲೇ ಗೊತ್ತಾದರೆ ರಕ್ತರೋಗ ತಜ್ಞರನ್ನು ಕೇಳಿ ಹೆಪ್ಪುಗಟ್ಟದಂತೆ ತಡೆಯೋ ಹೆಪಾರಿನ್ ಇಂಜೆಕ್ಷನ್ ಬೇಕಾ, ಎಷ್ಟು ಅಂತ ತೀರ್ಮಾನ ಮಾಡ್ತಾರೆ. ಅಪಾಯ ತೀರಾ ಹೆಚ್ಚು ಅನ್ನಿಸಿದರೆ, ನಾಳ ಕತ್ತರಿಸದೆ ಎದೆಯ ಮಾಂಸವನ್ನೇ ಮೇಲಕ್ಕೆ ತಿರುಗಿಸಿ ಕೆನ್ನೆ ಮುಚ್ಚೋ ದಾರಿನೂ ಇದೆ.