ಮೇಲಿಂದ ಕಂಡ ಮಾಡು, ಕೆಳಗಿನ ಸೆಕೆ

ಕೇಳುಗರಿಗೆ ನಮಸ್ಕಾರ.

ಏಪ್ರಿಲ್ ಮುಗಿಯುವ ಹೊತ್ತಿಗೆ ಕಾರವಾರದಲ್ಲಿ ನಡು ಮಧ್ಯಾಹ್ನ ಕಂಬದ ನೆರಳು ಕಂಬದ ಬುಡದಲ್ಲೇ ಅಡಗಿಕೊಳ್ಳುತ್ತದೆ. ಸೂರ್ಯ ನೆಟ್ಟಗೆ ನೆತ್ತಿಯ ಮೇಲೆ. ಆಗ ಗೋಡೆಗಿಂತ ಹೆಚ್ಚು ಕಾಯುವುದು ಮಾಡು, ತಾರಸಿ. ಹಾಗಾಗಿ ನಮ್ಮ ಕರಾವಳಿಯಲ್ಲಿ ಇರುವ ಮನೆಗೆ ಇನ್ಸುಲೇಶನ್, ಅಂದರೆ ಬಿಸಿ ತಡೆಯುವ ಪದರ, ಹಾಕಿಸುವುದೆಂದರೆ ಮೊದಲ ಲೆಕ್ಕ ನೆತ್ತಿಯದು. ಒಂದು ವಾರ್ಡಿನಲ್ಲಿ ಯಾವ ಮನೆಗೆ ಮೊದಲು ಬೇಕು ಎಂದು ತಿಳಿಯಲು ಎಲ್ಲ ಬಾಗಿಲನ್ನೂ ತಟ್ಟಬೇಕಾಗಿಲ್ಲ. ಆಸ್ತಿ ದಾಖಲೆ ಒಂದು ಕಡೆ, ಉಪಗ್ರಹ ಚಿತ್ರ ಇನ್ನೊಂದು ಕಡೆ ಇಟ್ಟುಕೊಂಡು ಕೂತರೆ ಅರ್ಧ ಕೆಲಸ ಮುಗಿದಂತೆ.

ಹಳ್ಳಿಯಾದರೆ ಪಂಚಾಯತಿಯ ಆಸ್ತಿ ದಾಖಲೆಯಾದ ಇ-ಸ್ವತ್ತಿನ ನಮೂನೆ 9 ಮತ್ತು 11, ಪಟ್ಟಣವಾದರೆ ನಗರಸಭೆಯ ಆಸ್ತಿ ತೆರಿಗೆ ಘೋಷಣೆ. ಇವುಗಳಿಂದ ಬೇಕಾದ್ದು ಮೂರೇ: ಕಟ್ಟಡದ ವಿಸ್ತೀರ್ಣ, ಹೆಂಚಿನದೋ ಆರ್‌ಸಿಸಿಯೋ, ಕಟ್ಟಿದ ವರ್ಷ. ಯಜಮಾನರ ಹೆಸರು ಈ ಕೆಲಸಕ್ಕೆ ಬೇಡ, ಅದನ್ನು ಮೊದಲೇ ಅಳಿಸಿಬಿಡಿ. ಸರ್ವೆ ನಂಬರು ಹುಡುಕಲು ದಿಶಾಂಕ್ ಆ್ಯಪ್ ಸಾಕು. ಆದರೆ ಅದರ ಗಡಿಗೆರೆ ಚಿತ್ರದ ಮೇಲೆ ಕೆಲವು ಮೀಟರು ಸರಿದು ಕೂರುವುದುಂಟು. ಆ ಗೆರೆ ಹಿಡಿದು ಮನೆಯ ಅಂಚು ಅಳೆಯಲು ಹೋಗಬೇಡಿ.

ಮನೆ ಅಳೆಯಲು ಗೂಗಲ್ ಅರ್ಥ್ ಪ್ರೊ ಒಳ್ಳೆಯದು, ಹಳೆಯ ವರ್ಷಗಳ ಚಿತ್ರವನ್ನೂ ತೋರಿಸುತ್ತದೆ. ಮಳೆಗಾಲದ ಚಿತ್ರ ಮೋಡದಿಂದ ಹಾಳು, ನವೆಂಬರಿನಿಂದ ಮೇ ತನಕದ್ದನ್ನು ಆರಿಸಿ. ಇಲ್ಲಿಯೇ ನಮ್ಮ ಜಿಲ್ಲೆಯ ದೊಡ್ಡ ಮೋಸ ಇರುವುದು. ದಾಖಲೆಯಲ್ಲಿ ಆರ್‌ಸಿಸಿ, ಚಿತ್ರದಲ್ಲಿ ನೀಲಿ ತಗಡು. ದಾಖಲೆ ತಪ್ಪಲ್ಲ. ಸೋರುವುದಕ್ಕೆ ಹೆದರಿ, ಅಡಿಕೆ ಒಣಗಿಸಲಿಕ್ಕೆ, ಬಟ್ಟೆ ಹರವಲಿಕ್ಕೆ ಎಂದು ತಾರಸಿಯ ಮೇಲೆ ಶೀಟು ಹಾಕಿಸಿಕೊಂಡಿರುತ್ತಾರೆ. ಸುತ್ತ ಗಾಳಿಯಾಡುವ ಅಂಥ ಶೀಟಿನ ಕೆಳಗೆ ಸ್ಲ್ಯಾಬಿಗೆ ಆಗಲೇ ನೆರಳು ಸಿಕ್ಕಿದೆ. ಆ ಮನೆಯನ್ನು ಇನ್ಸುಲೇಶನ್ ಪಟ್ಟಿಯ ಕೊನೆಗೆ ಕಳಿಸಿ. ಉಲ್ಟಾ ಪ್ರಕರಣವೂ ಇದೆ: ದಾಖಲೆಯಲ್ಲಿ ಹೆಂಚು, ಚಿತ್ರದಲ್ಲಿ ಬೂದು ಬಣ್ಣದ ಬೋಳು ತಾರಸಿ. ಇದು ಪಟ್ಟಿಯ ಮೇಲಕ್ಕೆ. ಹೀಗೆ ದಾಖಲೆಗೂ ಚಿತ್ರಕ್ಕೂ ಹೊಂದದ ಮನೆಗಳು ಪಟ್ಟಿಯಲ್ಲಿ ಎಲ್ಲಿದ್ದರೂ, ಖಚಿತಪಡಿಸಿಕೊಳ್ಳಲು ಮೊದಲು ಹೋಗಿ ನೋಡಬೇಕಾದವು. ಶಿರಸಿ ಕಡೆ ತೋಟದ ನಡುವಿನ ಮನೆಗಳ ಮಾಡು ಚಿತ್ರದಲ್ಲಿ ಕಾಣುವುದೇ ಇಲ್ಲ. ಮೂರೂ ಹೊತ್ತು ಮರದ ನೆರಳಿದ್ದರೆ ಅವಸರವೂ ಇಲ್ಲ.

ವಿಸ್ತೀರ್ಣದಲ್ಲಿ ಎಡವುವವರು ಬಹಳ. 10 ಮೀಟರ್ ಉದ್ದ, 8 ಮೀಟರ್ ಅಗಲದ ಹೆಂಚಿನ ಮನೆಗೆ ಸುತ್ತಲೂ ಮುಕ್ಕಾಲು ಮೀಟರ್ ಸೂರು ಇದ್ದರೆ ಮೇಲಿಂದ ಕಾಣುವುದು 109 ಚದರ ಮೀಟರ್, ಒಳಗಿನದು 80 ಮಾತ್ರ. ಮಾಡು 30 ಡಿಗ್ರಿ ಇಳಿಜಾರಾಗಿದ್ದರೆ ಹೆಂಚಿನ ನಿಜವಾದ ಮೈ ಚಿತ್ರದಲ್ಲಿ ಕಂಡದ್ದರ 1.15 ಪಟ್ಟು, ಅಂದರೆ 126. ಪಕಾಸಿನ, ಅಂದರೆ ಮಾಡು ಹೊರುವ ಇಳಿಜಾರು ಮರದ, ಅಡಿ ಹೊದಿಸುವುದಾದರೆ ಸೂರು ಬಿಟ್ಟು 92, ಅಟ್ಟದ ಮೇಲೆ ಹಾಸುವುದಾದರೆ 80. ಎಲ್ಲಿ ಹಾಕುವುದೆಂದು ಕೇಳದೆ ಸಾಮಾನು ತರಿಸಿದರೆ ಮೂರನೇ ಒಂದು ಪಾಲು ಕೊಟ್ಟಿಗೆ ಸೇರುತ್ತದೆ.

ಇನ್ನು ಮನೆಗೆ ಹೋಗುವುದು. ಮಧ್ಯಾಹ್ನ ಎರಡರಿಂದ ನಾಲ್ಕರೊಳಗೆ ಇನ್‌ಫ್ರಾರೆಡ್ ಥರ್ಮಾಮೀಟರಿನಿಂದ ಒಳಛಾವಣಿ ಅಳೆಯಿರಿ, ರಾತ್ರಿ ಒಂಬತ್ತಕ್ಕೆ ಮತ್ತೊಮ್ಮೆ. ರಾತ್ರಿಯೂ ಛಾವಣಿ ಕೋಣೆಯ ಗಾಳಿಗಿಂತ ಬಿಸಿಯಾಗಿದ್ದರೆ ಸ್ಲ್ಯಾಬು ಹಗಲಿನ ಬಿಸಿಲನ್ನು ಹಿಡಿದಿಟ್ಟು ಉಗುಳುತ್ತಿದೆ. ಹೊಳೆಯುವ ತಗಡಿಗೆ ಈ ಯಂತ್ರ ಸುಳ್ಳು ಹೇಳುತ್ತದೆ. ತಗಡಿನ ಮೇಲೆ ಕಪ್ಪು ಟೇಪು ಅಂಟಿಸಿ, ಅದು ತಗಡಿನಷ್ಟೇ ಕಾದ ಮೇಲೆ ಟೇಪಿನ ಮೇಲೆ ಅಳೆಯಿರಿ. ಆಮೇಲೆ ಸುತ್ತಿಗೆಯಿಂದ ಸ್ಲ್ಯಾಬನ್ನು ಮೆಲ್ಲಗೆ ತಟ್ಟಿ. ಕಾರವಾರದ ಕೋಡಿಬಾಗದಂಥ ಸಮುದ್ರದ ಬದಿಯಲ್ಲಿ ಉಪ್ಪುಗಾಳಿಗೆ ಕಬ್ಬಿಣ ತುಕ್ಕು ಹಿಡಿದು ಉಬ್ಬಿ ಕಾಂಕ್ರೀಟು ಪೊಳ್ಳಾಗಿರುತ್ತದೆ. ಟೊಳ್ಳು ಸದ್ದು ಬಂದರೆ ಇನ್ಸುಲೇಶನ್ ಮಾತು ನಿಲ್ಲಿಸಿ, ಮೊದಲು ರಿಪೇರಿ. ಯಾಕೆಂದರೆ ಬಿಸಿ ತಡೆಯಲು ಸ್ಲ್ಯಾಬಿಗೆ ಹಾಸುವ ಬೋರ್ಡಿನ ಮೇಲೆ ಹಾಕುವ 50 ಮಿಲಿಮೀಟರ್ ಕಾಂಕ್ರೀಟು ಒಂದೊಂದು ಚದರ ಮೀಟರಿಗೂ 100 ಕಿಲೋ ಮೀರಿದ ಭಾರ ಹೇರುತ್ತದೆ.

ಎಷ್ಟು ದಪ್ಪ? 120 ಮಿಲಿಮೀಟರ್ ಬರಿ ಸ್ಲ್ಯಾಬಿನ ಯು-ಮೌಲ್ಯ, ಎಂದರೆ ಶಾಖ ಹಾಯುವ ಅಳತೆ, ಸುಮಾರು 3.3. ಮನೆಗಳ ಇಂಧನ ಉಳಿತಾಯದ ಕೇಂದ್ರ ನಿಯಮಾವಳಿಯಾದ ಇಕೋ ನಿವಾಸ್ ಸಂಹಿತೆ 2018ರ ಪ್ರಕಾರ ಛಾವಣಿಗೆ ಅದು 1.2 ದಾಟಬಾರದು. 25 ಮಿಲಿಮೀಟರ್ ದಪ್ಪದ, ಗಟ್ಟಿ ಫೋಮಿನ ಎಕ್ಸ್‌ಪಿಎಸ್ ಬೋರ್ಡು ಹಾಸಿದರೆ 0.9ಕ್ಕೆ ಇಳಿಯುತ್ತದೆ, 50 ಹಾಸಿದರೆ 0.5ರ ಆಸುಪಾಸು. ಮೊದಲ ಒಂದು ಇಂಚೇ ದೊಡ್ಡ ಕೆಲಸ ಮಾಡುತ್ತದೆ. ಎರಡನೆಯದಕ್ಕೆ ಸುರಿಯುವ ದುಡ್ಡಿನಲ್ಲಿ ವಾಟರ್‌ಪ್ರೂಫಿಂಗ್ ಚೆನ್ನಾಗಿ ಮಾಡಿಸಿ. ಅದು ಬೋರ್ಡಿನ ಕೆಳಗೆ, ಸ್ಲ್ಯಾಬಿನ ಮೇಲೆಯೇ ಬರಬೇಕು. ಮೇಲಿನ ಕಾಂಕ್ರೀಟಿಗೆ ಮೆಶ್, ಅಂದರೆ ಜಾಲರಿ, ಹಾಕಿ, ನೀರು ಹರಿಯುವಂತೆ ನೂರಕ್ಕೆ ಒಂದರ ಇಳುಕಲು ಕೊಡಿ. ಬೋರ್ಡಿನ ಬದಲು ತಾರಸಿಗೆ ಬಿಸಿಲು ಹಿಂದೆಸೆಯುವ ಬಿಳಿ ಬಣ್ಣ ಬಳಿಯುವುದು ಅಗ್ಗ, ಆದರೆ ನಮ್ಮ ಮಳೆಗೆ ಒಂದೇ ವರ್ಷದಲ್ಲಿ ಪಾಚಿ ಕಟ್ಟಿ ಕಪ್ಪಾಗುತ್ತದೆ. ಪ್ರತಿ ನವೆಂಬರಿನಲ್ಲಿ ತಿಕ್ಕಿ ತೊಳೆಯುವವರಿಗೆ ಮಾತ್ರ ಅದು.

ಹೆಂಚಿನ ಮಾಡಿಗೆ ಗ್ಲಾಸ್‌ವೂಲ್, ಅಂದರೆ ಗಾಜಿನ ಎಳೆಯ ಹತ್ತಿಯಂಥದ್ದು, ತುರುಕಬೇಡಿ. ಆಷಾಢದ ಗಾಳಿಮಳೆಯ ಎರಚಲು ಹೆಂಚಿನ ಸಂದಿನಿಂದ ಒಳಬಂದು ಅದು ನೆನೆದು ಜೋತು ಬೀಳುತ್ತದೆ, ಹೆಂಚು ಕೂರುವ ಮರದ ರೀಪು ಕೊಳೆಯುತ್ತದೆ. ಪಕಾಸಿನ ಅಡಿಗೆ ಅಲ್ಯುಮಿನಿಯಂ ಹಾಳೆಯನ್ನು, ಹೆಂಚಿನಿಂದ ಕನಿಷ್ಠ ಒಂದಿಂಚು ಗಾಳಿ ಬಿಟ್ಟು, ಧೂಳು ಕೂರದಂತೆ ಹೊಳೆಯುವ ಮುಖ ಕೆಳಗೆ ಮಾಡಿ ಬಿಗಿಯಿರಿ. ಸೂರಿನ ಕಡೆಯೂ ಮಾಡಿನ ನೆತ್ತಿಯಲ್ಲೂ ಗಾಳಿಗೆ ದಾರಿ ಇರಲಿ. ಕೆಲಸವನ್ನು ಮೇ ಎರಡನೇ ವಾರದೊಳಗೆ ಮುಗಿಸಿ, ಜೂನಿನ ಮೊದಲ ದೊಡ್ಡ ಮಳೆ ಹೊಯ್ದ ಮರುದಿನ ಟಾರ್ಚು ಹಿಡಿದು ಅಟ್ಟ ಹತ್ತಿ ಪ್ರತಿ ಪಕಾಸಿನ ಬುಡ ಮುಟ್ಟಿ ನೋಡಿ.

ನಮಸ್ಕಾರ.