ಪಲ್ಲಕ್ಕಿ ಭೇಟಿ: ಹುಲಜಂತಿಯಿಂದ ವಿಲ್ನಿಯಸ್‌ವರೆಗೆ

(ವಿಜಯಪುರದಲ್ಲಿ ಮಾಡಿದ ಉಪನ್ಯಾಸದ ಬರಹರೂಪ)

ಎಲ್ಲರಿಗೂ ಶರಣು.

ನನಗೆ ಕೊಟ್ಟ ವಿಷಯದ ಹೆಸರೇ ಒಂದು ಮೊಳ ಇದೆ. ಕಾರ್ಡಿನಲ್ಲಿ ನೋಡಿರುತ್ತೀರಿ: ‘ಸಾಂಪ್ರದಾಯಿಕ ಜನಾಂಗೀಯ ಧರ್ಮಗಳ ಅಂತರರಾಷ್ಟ್ರೀಯ ಸಹಕಾರ’. ಇದನ್ನು ನಮ್ಮ ಸೋದರಮಾವನಿಗೆ ಓದಿ ಹೇಳಿದೆ. ಅವರು ಇಂಡಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಬೀರಪ್ಪನ ಪೂಜಾರಿ. ಎಂಬತ್ತು ದಾಟಿದೆ. ಪೂರ್ತಿ ಕೇಳಿಸಿಕೊಂಡು, “ಸಹಕಾರ ಅಂದ್ರ ಸೊಸೈಟಿ ಏನು? ಸಾಲ ಕೊಡ್ತಾರೇನು?” ಅಂದರು.

ಆಮೇಲೆ ಫೋನಿನಲ್ಲಿ ಒಂದು ವಿಡಿಯೋ ತೋರಿಸಿದೆ. ಲಿಥುವೇನಿಯಾ ದೇಶದ್ದು. ಬಿಳಿ ನಾರುಬಟ್ಟೆ ತೊಟ್ಟ ಜನ ಕಲ್ಲಿನ ಕಟ್ಟೆಯ ಮೇಲೆ ಬೆಂಕಿ ಹಾಕಿ, ಸುತ್ತ ನಿಂತು ಹಾಡುತ್ತಿದ್ದಾರೆ. ಒಬ್ಬ ಹೆಂಗಸು ಬೆಂಕಿಗೆ ಏನೋ ಕಾಳು ಹಾಕಿ ಕೈಮುಗಿಯುತ್ತಾಳೆ. ಮಾವ ಕನ್ನಡಕ ಏರಿಸಿ ಎರಡು ಸಲ ನೋಡಿದರು. “ಚೊಲೊ ಐತಿ. ಆದ್ರ ಇವ್ರು ಯಾರ ಭೇಟಿಗೆ ಹೋಗ್ತಾರ?” ಎಂದು ಕೇಳಿದರು.

ಇವತ್ತು ನಾನು ಮಾತಾಡುವುದೆಲ್ಲ ಆ ಪ್ರಶ್ನೆಗೆ ಉತ್ತರ ಅಂದುಕೊಳ್ಳಿ.

ಹುಲಜಂತಿಯ ಮಾಳಿಂಗರಾಯನ ಜಾತ್ರೆ ನೋಡಿದವರು ಇಲ್ಲಿ ಬಹಳ ಜನ ಇದ್ದೀರಿ. ಊರು ಮಂಗಳವೇಢೆ ತಾಲ್ಲೂಕಿನದು, ಮಹಾರಾಷ್ಟ್ರದ್ದು. ಗಡಿ ಗೆರೆ ನಕಾಶೆಯಲ್ಲಿದೆ, ದೇವರಿಗೆ ಗೊತ್ತಿಲ್ಲ. ದೀಪಾವಳಿ ಅಮಾವಾಸ್ಯೆ ರಾತ್ರಿ ಶಿವ ಬಂದು ಮಾಳಿಂಗರಾಯನ ಗುಡಿಗೆ ಮುಂಡಾಸ ಸುತ್ತಿ ಹೋಗುತ್ತಾನೆ ಎಂಬ ನಂಬಿಕೆ. ಅದಾದ ಮೇಲೆ ಭೇಟಿ. ಗುರು ಬೀರಪ್ಪ ಹುನ್ನೂರಿನಿಂದ ಬರುತ್ತಾನೆ. ಶಿಷ್ಯ ಮಾಳಿಂಗರಾಯ ಎದುರುಗೊಳ್ಳುತ್ತಾನೆ. ಸುತ್ತಲಿನ ಊರುಗಳ ಪಲ್ಲಕ್ಕಿಗಳೂ ಸೇರುತ್ತವೆ. ನಾನು ಹುಡುಗನಿದ್ದಾಗ ಮಾವನ ಹೆಗಲ ಮೇಲೆ ಕೂತು ನೋಡಿದ್ದೆ. ಡೊಳ್ಳಿನ ಸಪ್ಪಳ ಎದೆಯೊಳಗೆ ಬಡಿಯುತ್ತಿತ್ತು. ಭಂಡಾರ, ಉಣ್ಣೆ, ಕೊಬ್ಬರಿ ಮೇಲಿಂದ ಸುರಿಯುತ್ತಿತ್ತು. ಎರಡು ಪಲ್ಲಕ್ಕಿ ಮೂಗಿಗೆ ಮೂಗು ತಾಗುವಷ್ಟು ಹತ್ತಿರ ಬಂದವು, ಬಾಗಿದವು, ಹಿಂದೆ ಸರಿದವು. ಮೂರು ದಿನ ನನ್ನ ಕಿವಿಯ ಸಂದಿಯಿಂದ ಅರಿಶಿನ ಹೋಗಲಿಲ್ಲ.

ಗಮನಿಸಿ, ಅಲ್ಲಿ ಯಾರೂ ಒಂದಾಗಲಿಲ್ಲ. ಬೀರಪ್ಪ ಬೀರಪ್ಪನಾಗಿಯೇ ತನ್ನ ಊರಿಗೆ ಹೋದ. ಎಲ್ಲ ಪಲ್ಲಕ್ಕಿ ಸೇರಿಸಿ ಒಂದು ದೊಡ್ಡ ಪಲ್ಲಕ್ಕಿ ಮಾಡೋಣ ಅಂತ ಯಾರಿಗೂ ಹೊಳೆಯಲಿಲ್ಲ. ಭೇಟಿ ಆಯಿತು, ಊಟ ಆಯಿತು, ಮುಂದಿನ ವರ್ಷದ ಮಾತು ಆಯಿತು, ಅಷ್ಟೇ.

ಜನಾಂಗೀಯ ಧರ್ಮ ಅನ್ನುವ ಪದ ನನಗೆ ಹಿಡಿಸುವುದಿಲ್ಲ. ನಮ್ಮಲ್ಲಿ ಅದಕ್ಕಿಂತ ಒಳ್ಳೆಯ ಪದ ಇದೆ, ‘ಒಕ್ಕಲು’. “ನಿಮ್ಮದು ಯಾವ ಧರ್ಮ?” ಅಂದರೆ ಮಾವ ತಡವರಿಸುತ್ತಾರೆ. “ಯಾರ ಒಕ್ಕಲು?” ಅಂದರೆ ಥಟ್ಟನೆ “ಬೀರಪ್ಪನ ಒಕ್ಕಲು” ಅನ್ನುತ್ತಾರೆ. ಒಕ್ಕಲಿನ ಧರ್ಮಕ್ಕೆ ಒಬ್ಬ ಸ್ಥಾಪಕ ಇಲ್ಲ. ಎಲ್ಲರೂ ಒಪ್ಪಿದ ಒಂದು ಗ್ರಂಥ ಇಲ್ಲ. ಬೇರೆಯವರನ್ನು ತನ್ನ ಕಡೆ ಸೆಳೆಯುವ ಹಂಬಲವೂ ಇಲ್ಲ. ಹಾಗಾದರೆ ಎರಡು ದೇಶದ ಎರಡು ಒಕ್ಕಲು ಎದುರಾದಾಗ ಏನು ಮಾಡಬಹುದು? ಭೇಟಿಯಾಗಬಹುದು.

ಯುರೋಪಿನಲ್ಲಿ ಇಂಥದ್ದೊಂದು ಭೇಟಿ 1998ರಲ್ಲಿ ನಡೆಯಿತು. ಲಿಥುವೇನಿಯಾದ ವಿಲ್ನಿಯಸ್ ನಗರದಲ್ಲಿ. ಹಳೆಯ ದೇವರುಗಳನ್ನು ಪೂಜಿಸುವ ಗುಂಪುಗಳು ಸೇರಿ ‘ಜನಾಂಗೀಯ ಧರ್ಮಗಳ ವಿಶ್ವ ಕಾಂಗ್ರೆಸ್’ ಅಂತ ಕಟ್ಟಿದವು. 2010ರಲ್ಲಿ ಅವರೇ ‘ವಿಶ್ವ’ ತೆಗೆದು ‘ಯುರೋಪಿಯನ್’ ಅಂತ ಹಾಕಿಕೊಂಡರು. ನಮ್ಮ ಕಡೆ ನಾಲ್ಕು ಜನರ ಸಂಘಕ್ಕೂ ‘ಅಖಿಲ ಭಾರತ’ ಅಂತ ಬೋರ್ಡ್ ಹಾಕುತ್ತೇವೆ. ಬೋರ್ಡು ಸಣ್ಣದು ಮಾಡಿಕೊಂಡವರನ್ನು ನಾನು ಜಾಸ್ತಿ ನೋಡಿಲ್ಲ. ಇವರ ಮೇಲೆ ನನಗೆ ಗೌರವ ಹುಟ್ಟಿದ್ದೇ ಅಲ್ಲಿ.

ಇದರ ಹಿಂದಿದ್ದವರು ಯೋನಾಸ್ ತ್ರಿಂಕೂನಸ್. 1939ರಲ್ಲಿ ಹುಟ್ಟಿದವರು, 2014ರಲ್ಲಿ ತೀರಿಕೊಂಡರು. ಲಿಥುವೇನಿಯಾ ಸೋವಿಯತ್ ಆಡಳಿತದಲ್ಲಿದ್ದಾಗ, 1967ರಲ್ಲಿ, ಕೆರ್ನಾವೆ ಎಂಬಲ್ಲಿ ಬೇಸಿಗೆಯ ಅತಿ ಉದ್ದದ ಹಗಲಿನ ಹಬ್ಬವನ್ನು ಗೆಳೆಯರ ಜೊತೆ ಸೇರಿ ಮತ್ತೆ ಶುರು ಮಾಡಿದರು. ಜಾನಪದ ಸಂಗ್ರಹ ಅನ್ನುವುದು ಹೊರಗಿನ ಹೆಸರು. ಒಳಗೆ ನಡೆದದ್ದು ಬೆಂಕಿಯ ಪೂಜೆ. ಸರ್ಕಾರಕ್ಕೆ ವಾಸನೆ ಬಂತು. 1973ರಲ್ಲಿ ವಿಶ್ವವಿದ್ಯಾಲಯದ ಕೆಲಸ ಹೋಯಿತು. ಸೋವಿಯತ್ ಹಿಡಿತ ಸಡಿಲವಾದ ಮೇಲೆ ಆ ಗುಂಪೇ ‘ರೊಮುವಾ’ ಎಂಬ ಹೆಸರಿನಲ್ಲಿ ಬಹಿರಂಗವಾಗಿ ಎದ್ದು ನಿಂತಿತು.

ರೊಮುವಾದವರು ಸರ್ಕಾರದ ಮಾನ್ಯತೆ ಕೇಳಿದರು. ಅದು ಸಿಕ್ಕರೆ ಅವರ ಪೂಜಾರಿ ಮಾಡಿಸಿದ ಮದುವೆಗೆ ಕಾನೂನಿನ ಬೆಲೆ ಬರುತ್ತದೆ, ಶಾಲೆಯಲ್ಲಿ ಅವರ ಧರ್ಮ ಕಲಿಸಬಹುದು. 2019ರಲ್ಲಿ ಸಂಸತ್ತು ಆಗುವುದಿಲ್ಲ ಅಂದಿತು. ಇವರು ಸ್ಟ್ರಾಸ್‌ಬರ್ಗ್‌ನ ಯುರೋಪಿಯನ್ ಮಾನವ ಹಕ್ಕುಗಳ ನ್ಯಾಯಾಲಯಕ್ಕೆ ಹೋದರು. 2021ರ ಜೂನ್‌ನಲ್ಲಿ ತೀರ್ಪು ಇವರ ಪರ ಬಂತು. ಸಂಸತ್ತು ಕೊನೆಗೆ ಮಾನ್ಯತೆ ಕೊಟ್ಟದ್ದು 2024ರ ಡಿಸೆಂಬರ್‌ನಲ್ಲಿ. ಐಸ್‌ಲ್ಯಾಂಡಿನಲ್ಲಿ ಹೀಗೆ ಕಾಯಬೇಕಾಗಲಿಲ್ಲ. ಅಲ್ಲಿಯ ಹಳೆಯ ದೇವರುಗಳ ಸಂಘ 1972ರಲ್ಲಿ ಹುಟ್ಟಿ 1973ರಲ್ಲೇ ನೋಂದಣಿ ಆಯಿತು. ಅರ್ಜಿಯ ವಿಷಯ ಮಾತಾಡಿ ಮಂತ್ರಿಯ ಕಚೇರಿಯಿಂದ ಹೊರಬಂದ ಮೇಲೆ ಗುಡುಗು ಸಿಡಿಲು ಬಂದು ಊರಿನ ಕರೆಂಟೇ ಹೋಯಿತಂತೆ. ಅವರ ದೇವರು ಥೋರ್ ಸಿಡಿಲಿನವನು. ನಮ್ಮ ಮಾವ ಇದನ್ನು ಮಾತ್ರ ಏನೂ ಅನುಮಾನ ಇಲ್ಲದೆ ನಂಬಿದರು.

ಈಗ ಒಂದು ಎಚ್ಚರಿಕೆ. ಲಿಥುವೇನಿಯಾದ ಭಾಷೆಯಲ್ಲಿ ಬೆಂಕಿಗೆ ‘ಉಗ್ನಿಸ್’ ಅನ್ನುತ್ತಾರೆ, ದೇವರಿಗೆ ‘ದಿಯೆವಾಸ್’. ಅಗ್ನಿ, ದೇವ! ಇದನ್ನು ಕೇಳಿದ ಕೂಡಲೇ ನಮ್ಮವರು ಕುರ್ಚಿಯ ತುದಿಗೆ ಬಂದು ಕೂರುತ್ತಾರೆ. ಅವರೂ ನಾವೂ ಒಂದೇ ರಕ್ತ ಅನ್ನುತ್ತಾರೆ. ಸಂಸ್ಕೃತಕ್ಕೂ ಲಿಥುವೇನಿಯನ್ನಿಗೂ ನಂಟು ಇರುವುದು ನಿಜ. ಆದರೆ ನಮ್ಮ ಕನ್ನಡ ಆ ಮನೆತನದ್ದಲ್ಲ; ನಾವು ಮನೆಯಲ್ಲಿ ಅನ್ನುವುದು ಬೆಂಕಿ, ಕಿಚ್ಚು, ಉರಿ. ರಕ್ತದ ನಂಟಿನ ಮೇಲೆ ಭೇಟಿ ನಿಂತರೆ ನಮ್ಮ ಬೀರಪ್ಪನಿಗೆ ಅಲ್ಲಿ ಜಾಗವೇ ಇಲ್ಲ. ರಕ್ತದ ಮಾತು ಎಲ್ಲಿಗೆ ಹೋಗುತ್ತದೆ ಅಂತ ಯುರೋಪಿನವರಿಗೆ ಚೆನ್ನಾಗಿ ಗೊತ್ತು. ನಾಜಿಗಳು ಉತ್ತರ ಯುರೋಪಿನ ಹಳೆಯ ರೂನ್ ಲಿಪಿಯ ಅಕ್ಷರವನ್ನು ಎಸ್‌ಎಸ್ ಪಡೆಯ ಕಾಲರಿಗೆ ಹೊಲಿಸಿದ್ದರು. ಇವತ್ತಿಗೂ ಜನಾಂಗದ್ವೇಷದ ಗುಂಪುಗಳು ಥೋರನ ಸುತ್ತಿಗೆಯನ್ನು ಕೊರಳಿಗೆ ಹಾಕಿಕೊಂಡು ಬರುತ್ತವೆ. 2014ರಲ್ಲಿ ವಿಲ್ನಿಯಸ್‌ನಲ್ಲಿ ಮತ್ತೆ ಸೇರಿದಾಗ, ಉಗ್ರ ರಾಜಕೀಯ ಗುಂಪುಗಳು ತಮ್ಮ ಹೆಸರು ಬಳಸುವುದಕ್ಕೆ ಈ ಜನಾಂಗೀಯ ಧರ್ಮಗಳ ಕಾಂಗ್ರೆಸ್ಸಿನವರು ಆಕ್ಷೇಪ ಹೇಳಬೇಕಾಯಿತು.

ನನಗೆ ಹತ್ತಿರ ಅನ್ನಿಸಿದ್ದು ಬೇರೆ ಕಡೆ. ನೈಜೀರಿಯಾದ ಒಶೊಗ್ಬೊ. ಅಲ್ಲಿ ಓಶುನ್ ಎಂಬ ನದಿದೇವತೆಯ ಕಾಡು ಇದೆ. 2005ರಲ್ಲಿ ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿಗೆ ಸೇರಿತು. ಆಗಸ್ಟ್‌ನಲ್ಲಿ ಜಾತ್ರೆ. ‘ಅರುಗ್ಬಾ’ ಅಂತ ಕರೆಯುವ ಒಬ್ಬ ಕನ್ಯೆ ಊರಿನ ಹರಕೆಯನ್ನೆಲ್ಲ ಒಂದು ಸೋರೆಬುರುಡೆಯಲ್ಲಿ ತುಂಬಿ ತಲೆಯ ಮೇಲೆ ಹೊತ್ತು ಹೊಳೆಗೆ ನಡೆಯುತ್ತಾಳೆ. ಮುಖ ಕಾಣದಂತೆ ಬಟ್ಟೆ. ಸುತ್ತ ಜನಸಾಗರ.

ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಹೋದವರಿಗೆ ಇದನ್ನು ಬಿಡಿಸಿ ಹೇಳಬೇಕಾ? ಜೋಗತಿಯ ತಲೆಯ ಮೇಲಿನ ಕೊಡ, ಚೌಡಿಕೆಯ ದನಿ, ‘ಉಧೋ ಉಧೋ’. ಮಲಪ್ರಭೆಯ ದಂಡೆಯಲ್ಲಿ ಮರಳಿನ ಕೊಡ ಮಾಡಿ, ಹಾವನ್ನು ಸಿಂಬಿ ಸುತ್ತಿ ನೀರು ತಂದ ರೇಣುಕೆಯ ಕಥೆ. ಇಲ್ಲೂ ನೀರು, ಹೆಣ್ಣು, ತಲೆಯ ಮೇಲಿನ ಹೊರೆ. ಯಾವ ರಕ್ತದ ನಂಟೂ ಇಲ್ಲ.

ಓಶುನ್‌ಳನ್ನು ಪೂಜಿಸುವ ಯೊರುಬಾ ಜನರ ದೇವರುಗಳು, ಅವರ ಮಾತಿನಲ್ಲಿ ‘ಒರಿಶಾ’ಗಳು, ಗುಲಾಮರ ಹಡಗಿನಲ್ಲಿ ಕ್ಯೂಬಾಕ್ಕೆ, ಬ್ರೆಜಿಲಿಗೆ ಹೋದವು. ಕೈಯಲ್ಲಿ ಕೋಳ, ಬಾಯಲ್ಲಿ ಹಾಡು. 1981ರಲ್ಲಿ ನೈಜೀರಿಯಾದ ಇಲೆ-ಇಫೆಯಲ್ಲಿ ಒರಿಶಾ ವಿಶ್ವ ಸಮ್ಮೇಳನ ನಡೆದಾಗ ಸಮುದ್ರದ ಆಚೆಯವರು ಮೂಲದ ಊರಿಗೆ ಬಂದರು. ತವರಿಗೆ ಬಂದ ಮೊಮ್ಮಕ್ಕಳು, ಅಲ್ವಾ?

ಇಲ್ಲಿ ಒಂದು ಕಹಿ ಮಾತೂ ಹೇಳಬೇಕು. ಇಂಥ ಭೇಟಿಗಳಲ್ಲಿ ಎಲ್ಲರೂ ತಮ್ಮ ಚೆಂದದ್ದನ್ನು ಮಾತ್ರ ತೋರಿಸುತ್ತಾರೆ. ಬೆಂಕಿ, ಹೂವು, ಹಾಡು. ಕೋಣ, ಕುರಿಯ ಬಲಿ ಮಾತಿಗೆ ಬರುವುದಿಲ್ಲ. ನಾವು ಜೋಗತಿಯ ಕುಣಿತ ತೋರಿಸಿ ಚಪ್ಪಾಳೆ ಗಿಟ್ಟಿಸಬಹುದು. ಅದೇ ಗುಡ್ಡದಲ್ಲಿ ಬಡವರ, ದಲಿತರ ಹೆಣ್ಣುಮಕ್ಕಳಿಗೆ ಮುತ್ತು ಕಟ್ಟಿ ದೇವದಾಸಿ ಮಾಡಿದ್ದನ್ನು ಯಾರು ಹೇಳಬೇಕು? ಅದನ್ನು ನಿಲ್ಲಿಸಲು ಕರ್ನಾಟಕ 1982ರಲ್ಲಿ ಕಾಯ್ದೆ ಮಾಡಬೇಕಾಯಿತು. ನನ್ನನ್ನು ಕೇಳಿದರೆ ಮುತ್ತು ಕಟ್ಟಿಸಿಕೊಂಡ ಹೆಂಗಸೇ ಆ ವೇದಿಕೆಗೆ ಹೋಗಬೇಕು, ಸುಮ್ನೆ ನನ್ನಂಥ ಭಾಷಣಕಾರ ಅಲ್ಲ.

ಅಂತರರಾಷ್ಟ್ರೀಯ ಕಾಗದಗಳ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. 2007ರ ಸೆಪ್ಟೆಂಬರ್ 13ರಂದು ವಿಶ್ವಸಂಸ್ಥೆ ಮೂಲನಿವಾಸಿಗಳ ಹಕ್ಕುಗಳ ಘೋಷಣೆ ಒಪ್ಪಿತು. ಪರ 144, ವಿರುದ್ಧ 4. ಅದರ 12ನೇ ವಿಧಿ ಪೂಜೆಯ ಹಕ್ಕು, ಪೂಜೆಯ ಜಾಗದ ಹಕ್ಕು ಹೇಳುತ್ತದೆ. ಭಾರತವೂ ಪರವಾಗಿ ಮತ ಹಾಕಿತು, ಜೊತೆಗೆ ನಮ್ಮಲ್ಲಿ ಎಲ್ಲರೂ ಮೂಲನಿವಾಸಿಗಳೇ ಅಂದಿತು. ಆ ವಾದ ಒಪ್ಪಿದರೆ ಘೋಷಣೆಗೆ ಇಲ್ಲಿ ಕೆಲಸವೇ ಉಳಿಯುವುದಿಲ್ಲ. ಜಾರ್ಖಂಡ್ ಕಡೆಯ ಆದಿವಾಸಿಗಳನ್ನು ನೋಡಿ. 2011ರ ಜನಗಣತಿಯಲ್ಲಿ ಸುಮಾರು 50 ಲಕ್ಷ ಜನ ತಮ್ಮ ಧರ್ಮ ‘ಸರನಾ’ ಅಂತ ಬರೆಸಿದರು. ಆದರೂ ಎಣಿಕೆ ಬಿದ್ದದ್ದು ‘ಇತರೆ’ ಕಾಲಮ್ಮಿನಲ್ಲಿ.

ಕೆಲಸಕ್ಕೆ ಬಂದ ಸಹಕಾರ ನೋಡಬೇಕೆಂದರೆ ಒಡಿಶಾದ ನಿಯಮಗಿರಿ ಬೆಟ್ಟ ನೋಡಿ. ಅಲ್ಲಿಯ ಆದಿವಾಸಿಗಳಾದ ಡೊಂಗ್ರಿಯಾ ಕೊಂಧರಿಗೆ ಅದು ನಿಯಮ ರಾಜ ಎಂಬ ದೇವರ ಮನೆ. ಅಲ್ಲಿ ಬಾಕ್ಸೈಟ್ ಗಣಿ ಮಾಡಲು ಹೊರಟದ್ದು ವೇದಾಂತ ಕಂಪನಿ. ಹೆಸರು ನೋಡಿ ನಗಬೇಡಿ. ದೂರದ ದೇಶಗಳಲ್ಲಿ ಜನ ದನಿ ಎತ್ತಿದರು. 2010ರಲ್ಲಿ ಚರ್ಚ್ ಆಫ್ ಇಂಗ್ಲೆಂಡ್ ಆ ಕಂಪನಿಯಲ್ಲಿದ್ದ ತನ್ನ ಷೇರು ಮಾರಿಬಿಟ್ಟಿತು. ಬೆಟ್ಟದ ದೇವರ ಪರವಾಗಿ ಒಂದು ಚರ್ಚು! 2013ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್, ಗ್ರಾಮಸಭೆಗಳೇ ಈ ಪೂಜೆಯ ಹಕ್ಕನ್ನು ತೀರ್ಮಾನಿಸಲಿ ಅಂದಿತು. ಹನ್ನೆರಡು ಗ್ರಾಮಸಭೆ ನಡೆದವು. ಹನ್ನೆರಡೂ ಬೇಡ ಅಂದವು. ಅವತ್ತು ಗೆದ್ದದ್ದು ಹಳ್ಳಿಯವರು. ಹೊರಗಿನವರು ಹೆಗಲು ಕೊಟ್ಟರು, ಪಲ್ಲಕ್ಕಿ ಮೇಲೆ ಹತ್ತಿ ಕೂರಲಿಲ್ಲ.

ಹಾಗಾದರೆ ವಿಜಯಪುರದಲ್ಲಿ ಕೂತು ನಾವೇನು ಮಾಡುವುದು? ವಿಲ್ನಿಯಸ್ಸಿಗೆ ಟಿಕೆಟ್ ತೆಗೆಸಿ ಅಂತ ನಾನು ಹೇಳುವುದಿಲ್ಲ. ಲಾಟ್ವಿಯಾದಲ್ಲಿ ಒಂದು ಮರದ ಕಪಾಟು ಇದೆ, 1880ರಲ್ಲಿ ಮಾಡಿಸಿದ್ದು. ಕ್ರಿಶ್ಯಾನಿಸ್ ಬರೋನ್ಸ್ ಎಂಬವರು ಜನರ ಸಣ್ಣ ಸಣ್ಣ ಹಾಡುಗಳನ್ನು ಚೀಟಿಯಲ್ಲಿ ಬರೆದು ಅದರ ಖಾನೆಗಳಲ್ಲಿ ಜೋಡಿಸಿಟ್ಟರು. ಎರಡೂವರೆ ಲಕ್ಷಕ್ಕೂ ಜಾಸ್ತಿ ಚೀಟಿಗಳು. 1925ರಲ್ಲಿ ಅಲ್ಲಿ ಹಳೆಯ ಧರ್ಮವನ್ನು ಮತ್ತೆ ಕಟ್ಟಲು ಹೊರಟವರಿಗೆ ಗುಡಿ ಇರಲಿಲ್ಲ, ಪೂಜಾರಿ ಇರಲಿಲ್ಲ. ಆ ಹಾಡುಗಳು ಇದ್ದವು. ಅವನ್ನೇ ಹಿಡಿದು ಕಟ್ಟಿದರು.

ನಮಗೆ ಗುಡಿ ಇದೆ, ಪೂಜಾರಿ ಇದ್ದಾರೆ. ಹೋಗುತ್ತಿರುವುದು ಹಾಡು. ಹಾಲುಮತದ ಡೊಳ್ಳಿನ ಪದಗಳಲ್ಲಿ ಬೀರಪ್ಪ ನಡೆದ ದಾರಿ, ನೀರು ಕುಡಿದ ಹಳ್ಳ, ಜಗಳ ಆಡಿದ ಊರು ಎಲ್ಲ ಬರುತ್ತದೆ. ಅವುಗಳಲ್ಲಿ ಕೆಲವು ಹಳ್ಳ ಈಗ ಇಲ್ಲ. ಮಾವ ಒಂದು ರಾತ್ರಿ ಪೂರ್ತಿ ಹಾಡಬಲ್ಲರು, ಇಲ್ಲ, ಹಾಡಬಲ್ಲವರಾಗಿದ್ದರು. ಈಗ ಎರಡು ತಾಸಿಗೆ ದಮ್ಮು ಕಟ್ಟುತ್ತದೆ. ನಾನು ಎರಡು ವರ್ಷ ಫೋನಿನಲ್ಲಿ ರೆಕಾರ್ಡ್ ಮಾಡಿದ್ದೆ. ಫೋನು ಬಾವಿಗೆ ಬಿತ್ತು. ಕಾಪಿ ಇಟ್ಟಿರಲಿಲ್ಲ, ತಪ್ಪು ನನ್ನದೇ.

ಈಗ ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ಕೈಯಿಂದ ಬರೆಯುತ್ತಿದ್ದೇನೆ. ಹೋದ ವಾರ ಹೋದಾಗ ಮಾವ ನನಗಿಂತ ಮುಂಚೆ ಕಂಬಳಿ ಹಾಸಿ ಕೂತಿದ್ದರು. “ಆ ಬೆಂಕಿ ಮಂದಿಗಿ ನಮ್ಮ ಪದ ಕಳಸ್ತಿಯೇನು?” ಅಂದರು. ಕಳಿಸಬಹುದು ಅಂದೆ. “ಹಂಗಾದ್ರ ಅವರದೂ ಒಂದು ತರಸು. ಬರೇ ನಾವ ಹಾಡಿದ್ರ ಹೆಂಗ?” ಅಂದು ಗಂಟಲು ಸರಿಮಾಡಿಕೊಂಡರು.